ಆಗಬಹುದು ಎಂದ ಮೇಲೆ

ಹೆದರಿಕೆ ನನಗೆ ಹುಟ್ಟಿನಿಂದ ಬಂದದ್ದು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಹೋಗಿ ನೋಡಿ ಬರುವವಳು ನಾನು. ಅಂಥವಳಿಗೆ ಓದಲು ಸಿಕ್ಕಿದ್ದು ಮಣ್ಣಿನ ಶಾಸ್ತ್ರ. ಹಾಸನದ ಒಂದು ಕಾಲೇಜಿನಲ್ಲಿ, ಮಣ್ಣು ಯಾವಾಗ ನಿಲ್ಲುತ್ತದೆ, ಯಾವಾಗ ಕುಸಿಯುತ್ತದೆ ಎಂದು ಪಾಠ ಹೇಳುತ್ತೇನೆ. ಹೇಳುತ್ತ ಹೇಳುತ್ತ, ಎತ್ತರಕ್ಕೆ ಪೇರಿಸಿದ ಯಾವ ಮಣ್ಣಿನ ಮೇಲೂ ನನಗೆ ನಂಬಿಕೆ ಉಳಿದಿಲ್ಲ. ರಸ್ತೆ ಬದಿಯ ದಿಬ್ಬ ಕಂಡರೂ ಕಾರಿನ ಕಿಟಕಿಯಿಂದ ಕತ್ತು ಹೊರಹಾಕಿ ಬಿರುಕು ಹುಡುಕುತ್ತೇನೆ. ಮನೆಯವರು ನಗುತ್ತಾರೆ. ನಗಲಿ, ಹೆದರುವವರೂ ಒಬ್ಬರು ಬೇಕಲ್ಲ.

ನಮ್ಮ ಸೀಮೆಯಿಂದ ಸರ್ಕಾರದಲ್ಲಿ ದೊಡ್ಡ ಕುರ್ಚಿಗೇರಿದ ನಾಯಕರೊಬ್ಬರಿಗೆ, ಕೆಲವು ವರ್ಷಗಳ ಹಿಂದೆ, ತಮ್ಮ ಪಕ್ಕದಲ್ಲಿ ವಿಜ್ಞಾನ ಬಲ್ಲವರು ಇರಬೇಕು ಅನ್ನಿಸಿತು. ಅವರು ಯಾರು, ಯಾವ ಪಕ್ಷ ಎಂದು ಕೇಳಬೇಡಿ. ಎಲ್ಲರೂ ಅನ್ನುವ ಹಾಗೆ ನಾನೂ ಸಾಹೇಬರು ಅಂದುಬಿಡುತ್ತೇನೆ. ಆಲೂಗೆಡ್ಡೆಯ ಅಂಗಮಾರಿ ರೋಗದ ಹಿಂದೆ ಬಿದ್ದು ತಲೆ ನರೆಸಿಕೊಂಡ ಒಬ್ಬ ಸಸ್ಯತಜ್ಞರು, ಒಬ್ಬ ವೈದ್ಯರು, ಮಣ್ಣು ನೀರಿಗೆ ನಾನು, ಹೀಗೆ ನಾವು ಅವರ ವಿಜ್ಞಾನ ಸಲಹೆಗಾರರಾದೆವು. ಸುದ್ದಿ ಹರಡಿದ ದಿನವೇ ಚನ್ನರಾಯಪಟ್ಟಣದ ನೆಂಟರೊಬ್ಬರು ಫೋನು ಮಾಡಿ, ಅಳಿಯನ ವರ್ಗಾವಣೆಗೆ ಸಾಹೇಬರ ಕಿವಿಗೆ ಒಂದು ಮಾತು ಹಾಕಲು ಹೇಳಿದರು. ಸಲಹೆಗಾರ್ತಿ ಎಂದರೆ ಅವರಿಗೆ ಗೊತ್ತಿದ್ದ ಅರ್ಥ ಅದು. ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಸಾಹೇಬರು ದಡ್ಡರಲ್ಲ, ಕೆಟ್ಟವರೂ ಅಲ್ಲ. ಒಮ್ಮೆ ಕಂಡವರ ಮುಖ ಮರೆಯುವುದಿಲ್ಲ, ಕಾಫಿ ತರಿಸಿದರೆ ಡ್ರೈವರಿಗೂ ಹೋಯಿತೇ ಎಂದು ಕೇಳುತ್ತಾರೆ. ಆದರೆ ಅವರಿಗೆ ಹೊತ್ತಿಲ್ಲ. ಯಾವಾಗಲೂ ಒಂದು ಕಾರಿನಿಂದ ಇಳಿಯುತ್ತಿರುತ್ತಾರೆ, ಇಲ್ಲವೇ ಹತ್ತುತ್ತಿರುತ್ತಾರೆ. ಸಭೆಯಲ್ಲಿ ನಾನು ನಕ್ಷೆ ಬಿಡಿಸಿ ಬಾಯಿ ತೆರೆಯುವಷ್ಟರಲ್ಲಿ, ಆಗುತ್ತೋ ಆಗಲ್ಲವೋ ಒಂದೇ ಮಾತಲ್ಲಿ ಹೇಳಿ ಮೇಡಂ ಎನ್ನುತ್ತಿದ್ದರು. ಒಂದೇ ಮಾತು ನನ್ನ ಹತ್ತಿರ ಯಾವತ್ತೂ ಇರುತ್ತಿರಲಿಲ್ಲ. ಇಂಥ ಮಳೆ ಬಂದರೆ, ಇಷ್ಟು ನೀರು ನಿಂತರೆ, ಮಣ್ಣು ಹೀಗಿದ್ದರೆ ಎಂದು ನಾನು ಶುರುಮಾಡಿದರೆ ಅವರ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು. ಸಸ್ಯತಜ್ಞರು ಜಾಣರು, ಎಲ್ಲದಕ್ಕೂ ನೋಡೋಣ ಸಾರ್ ಎನ್ನುತ್ತಿದ್ದರು. ನನಗೆ ಆ ಜಾಣತನ ಬರಲಿಲ್ಲ.

ಈ ಸಲದ ಮಳೆಗಾಲದಲ್ಲಿ, ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಬರುವ ದಾರಿಯಿಂದ ಸ್ವಲ್ಪ ಒಳಗಿರುವ ಒಂದು ಕೆರೆ ತುಂಬಿತು. ನಾಲೆಯ ನೀರೂ ಸೇರಿ, ಬಹಳ ವರ್ಷದ ಮೇಲೆ ಅಂಚಿಗೆ ಬಂದು ನಿಂತಿತ್ತು. ಕೆರೆಯ ಕೆಳಗಿನ ಊರೇ ನನ್ನ ತಂಗಿಯನ್ನು ಕೊಟ್ಟ ಊರು. ಅವಳ ಅಡಿಗೆಮನೆ ಕಿಟಕಿ ತೆರೆದರೆ ಎದುರಿಗೆ ಕೆರೆಯ ಏರಿ, ಹಸಿರು ಗೋಡೆಯ ಹಾಗೆ. ಅವಳ ಮದುವೆಯಾದಾಗಿನಿಂದ ಆ ಕಿಟಕಿ ಕಂಡರೆ ನನಗಾಗದು. ನೀರು ನಿಮ್ಮ ತಲೆಯ ಮೇಲಿದೆಯಲ್ಲೇ ಅಂದರೆ, ಕೆರೆ ಮೇಲಿರದೆ ಗದ್ದೆ ಕೆಳಗೆ ಇರಾಕಾಯ್ತದಾ ಎಂದು ನಗುತ್ತಾಳೆ.

ಕೆರೆ ತುಂಬಿದರೆ ನಮ್ಮ ಕಡೆ ಬಾಗಿನ ಕೊಡಬೇಕು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಧಾನ್ಯ ಇಟ್ಟು, ಇನ್ನೊಂದು ಮೊರ ಮುಚ್ಚಿ, ಮುತ್ತೈದೆಯರು ಏರಿಯ ಮೇಲೆ ಸಾಲಾಗಿ ಬಂದು ಗಂಗೆಗೆ ಒಪ್ಪಿಸುತ್ತಾರೆ. ಮೊದಲು ಇದು ಊರಿನವರ ಕೆಲಸವಾಗಿತ್ತು. ಈಗ ನಾಯಕರು ಬರಬೇಕು, ಏರಿಯ ಮೇಲೆ ಶಾಮಿಯಾನ ಏಳಬೇಕು, ಹಿಂದೆ ಮುಂದೆ ಕಾರು ಜೀಪು ಸಾಲುಗಟ್ಟಬೇಕು. ಸಾಹೇಬರೇ ಬರುವರೆಂದು ಗೊತ್ತಾದ ಮೇಲೆ, ಒಂದು ಸಲ ಏರಿ ನೋಡಿ ಹೇಳಿ ಎಂದು ಅವರ ಆಪ್ತ ಸಹಾಯಕ ನನಗೆ ಫೋನು ಮಾಡಿದ. ಒಳ್ಳೆಯ ಮನುಷ್ಯ, ಎರಡು ಕಿವಿಗೂ ಒಂದೊಂದು ಫೋನು ಇಟ್ಟುಕೊಂಡೇ ಬದುಕುವವನು.

ಹೋಗಿ ನೋಡಿದೆ. ಏರಿಯ ಕೆಳಮಗ್ಗುಲಲ್ಲಿ, ಗದ್ದೆಗೆ ನೀರು ಬಿಡುವ ತೂಬಿನಿಂದ ತುಸು ದೂರಕ್ಕೆ ನೀರು ಜಿನುಗುತ್ತಿತ್ತು. ಮಣ್ಣಿನ ಏರಿ ಜಿನುಗುವುದು ಹೊಸದೇನಲ್ಲ, ಮನುಷ್ಯನಿಗೆ ಬೆವರು ಬಂದ ಹಾಗೆ. ಜಿನುಗುವ ನೀರು ತಿಳಿಯಾಗಿದ್ದರೆ ನಾನೂ ಸುಮ್ಮನೆ ಬರುತ್ತಿದ್ದೆ. ಅದು ಕೆಂಪಗಿತ್ತು. ಕುಡಿಯುವ ನೀರಿನ ಬಾಟಲಿ ಖಾಲಿ ಮಾಡಿ ಅದರಲ್ಲಿ ಹಿಡಿದು ಕಾರಿನ ಬಾನೆಟ್ಟಿನ ಮೇಲಿಟ್ಟೆ. ತಳದಲ್ಲಿ ಮಣ್ಣು ಕೂತಿತು. ಅಂದರೆ ನೀರು ಬರೀ ನೀರಾಗಿ ಬರುತ್ತಿಲ್ಲ, ಏರಿಯ ಹೊಟ್ಟೆಯೊಳಗಿನ ಮಣ್ಣನ್ನು ಕೊರೆದುಕೊಂಡು ಬರುತ್ತಿದೆ. ಒಳಗೆ ಎಷ್ಟು ಟೊಳ್ಳಾಗಿದೆ ಎಂದು ಹೊರಗೆ ನಿಂತವರಿಗೆ ಕಾಣುವುದಿಲ್ಲ. ವರ್ಷಗಟ್ಟಲೆ ಹಾಗೇ ನಿಲ್ಲಬಹುದು, ಮಧ್ಯಾಹ್ನದ ಊಟದೊಳಗೆ ಹೋಗಲೂಬಹುದು. ತಂಗಿಯ ಮನೆಯ ಹಂಚು ಅಲ್ಲಿಂದಲೇ ಕಾಣುತ್ತಿತ್ತು.

ಅಲ್ಲೇ ನಿಂತು ಸಹಾಯಕನಿಗೆ ಫೋನು ಮಾಡಿದೆ. ಅವನು ಸಾಹೇಬರ ಕಾರಿನಲ್ಲೇ ಇದ್ದ, ಸುತ್ತ ಹಾರನ್ನು, ಯಾರೋ ಜೈಕಾರ ಹಾಕುತ್ತಿದ್ದರು. ಕೆಂಪು ನೀರಿನ ವಿಷಯ, ಒಳಗಿನ ಕೊರೆತ, ಮೇಲೆ ಜನ ಮತ್ತು ಗಾಡಿಗಳ ಭಾರ ಬಿದ್ದರೆ ಏನು ಎಂದು ಎಲ್ಲವನ್ನೂ ಹೇಳಿದೆ. ಅವನಿಗೆ ಅರ್ಧ ಕೇಳಿಸಿತೋ ಕಾಲು ಕೇಳಿಸಿತೋ. ಕೊನೆಗೆ, "ಮೇಡಂ, ಸಾಹೇಬ್ರು ಕೇಳ್ತಾವ್ರೆ. ಒಂದೇ ಮಾತಲ್ಲಿ ಏಳ್ಬುಡಿ, ಆಗ್ಬೋದಾ?" ಎಂದ.

ಅನಾಹುತ ಆಗಬಹುದೇ ಎಂದು ಕೇಳುತ್ತಿದ್ದಾನೆ ಎಂದುಕೊಂಡೆ. ನಾನು ಅಷ್ಟು ಹೊತ್ತು ಹೇಳಿದ್ದು ಅದನ್ನೇ ತಾನೆ. ಒಂದೇ ಮಾತಿನಲ್ಲಿ ನಿಜ ಹೇಳಲು ಜೀವಮಾನದಲ್ಲಿ ಮೊದಲ ಸಲ ಅವಕಾಶ ಸಿಕ್ಕಿತಲ್ಲ ಎಂದು, ಒತ್ತಿ ಹೇಳಿದೆ. "ಆಗ್ಬೋದು."

"ಆಗ್ಬೋದಂತೆ ಸಾ," ಎಂದು ಅವನು ಪಕ್ಕಕ್ಕೆ ತಿರುಗಿ ಹೇಳಿದ್ದು ಕೇಳಿಸಿತು. ಸಾಹೇಬರು ಸರಿ ಎಂದದ್ದೂ ಕೇಳಿಸಿತು. ಫೋನು ಕಡಿಯಿತು.

ಎಷ್ಟು ಹಗುರಾಯಿತು ಎಂದರೆ, ಬರುವಾಗ ಹೊಳೆನರಸೀಪುರದಲ್ಲಿ ನಿಲ್ಲಿಸಿ ಮಸಾಲೆದೋಸೆ ತಿಂದೆ. ಸಾಹೇಬರು ಕೇಳಿಕೊಂಡರು, ಸರಿ ಅಂದರು, ಇನ್ನು ಬಾಗಿನ ನಿಲ್ಲಿಸಿ ನೀರು ಇಳಿಸುತ್ತಾರೆ. ವಿಜ್ಞಾನ ಹೇಳಿದ್ದನ್ನು ಸರ್ಕಾರ ಕೇಳುವುದು ಇಷ್ಟು ಸುಲಭವೇ ಅನ್ನಿಸಿ ನನ್ನ ಮೇಲೆ ನನಗೇ ಹೆಮ್ಮೆಯಾಯಿತು. ಮನೆಗೆ ಬಂದು ಅದನ್ನೇ ಎಲ್ಲರಿಗೂ ಕೊಚ್ಚಿಕೊಂಡೆ.

ಮಾರನೆಯ ದಿನ ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ, ತಂಗಿಯ ಧ್ವನಿಸಂದೇಶ ಬಂತು. ಹಿಂದೆ ಮೈಕು ಕಟ್ಟುವ ಸದ್ದು. "ಅಕ್ಕಾ, ನಾಳೆ ಬಾಗಿನ ಕಣೆ. ಮೊದ್ಲ್ ಮೊರ ನಂದೇ, ಸಾಹೇಬ್ರ ಪಕ್ಕ ನಿಂತ್ಕೋಬೇಕಂತೆ. ಏರಿ ಮ್ಯಾಲೆ ಮಾಡಾಕೆ ಇಂಜಿನಿಯರ್‌ಗಳು ಹಿಂದೆ ಮುಂದೆ ನೋಡ್ತಿದ್ರಂತೆ, ನೀನೇ ಆಗ್ಬೋದು ಅಂದ್ಯಂತಲ್ಲ. ಊರೆಲ್ಲಾ ನಿನ್ ಮಾತೇ."

ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಬಾಗಿಲಲ್ಲಿ ಕೂತುಬಿಟ್ಟೆ. ಆಗಬಹುದು. ಮದುವೆ ಮಾತುಕತೆಯಲ್ಲಿ ಹುಡುಗ ಆಗಬಹುದೇ ಎಂದರೆ ಒಪ್ಪಿಗೆಯೇ ಎಂದು ಅರ್ಥ. ಇನ್ನೊಂದು ಲೋಟ ಕಾಫಿ ಆಗಬಹುದೇ ಎಂದರೆ ಬೇಕೇ ಎಂದು. ಗಂಡಾಂತರಕ್ಕೂ ನಾವು ಅದೇ ಮಾತನ್ನು ಇಟ್ಟುಕೊಂಡಿದ್ದೇವಲ್ಲ! ಅವನು ಕೇಳಿದ್ದು ಕಾರ್ಯಕ್ರಮ ಆಗಬಹುದೇ ಎಂದು. ನಾನು ಹೇಳಿದ್ದು ಏರಿ ಒಡೆಯಲೂಬಹುದು ಎಂದು. ನಡುವೆ ಹಾರನ್ನು. ಇದರಲ್ಲಿ ನನ್ನ ತಪ್ಪೂ ಇಲ್ಲ, ಅವನ ತಪ್ಪೂ ಇಲ್ಲ ಎಂದು ಈಗಲೂ ವಾದಿಸುತ್ತೇನೆ. ಆದರೆ ಆ ಸಂಜೆ ವಾದಿಸಲು ಯಾರೂ ಸಿಗಲಿಲ್ಲ. ಸಹಾಯಕನ ಎರಡೂ ಫೋನು ಆಫ್. ಗೊತ್ತಿದ್ದ ಅಧಿಕಾರಿಯೊಬ್ಬರು, ಸಾಹೇಬರು ಬರುವುದು ಗ್ಯಾರಂಟಿಯಾದ ಮೇಲೆ ನಾನು ಬೇಡವೆಂದರೆ ನಡೆಯುವುದಿಲ್ಲ, ನೀವೇ ಅವರಿಗೆ ಹೇಳಬೇಕು ಎಂದು ಜಾರಿಕೊಂಡರು. ತಂಗಿಗೆ ಮನೆ ಬಿಟ್ಟು ಬಾ ಎಂದೆ. ಮೊರ ಬಿಟ್ಟು ಬಂದರೆ ಊರಲ್ಲಿ ತಲೆಯೆತ್ತಾಕಾಯ್ತದಾ ಎಂದು ಅವಳೇ ನನ್ನನ್ನು ಬೈದಳು.

ಬೆಳಿಗ್ಗೆ ಕಾರು ಓಡಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಆ ಕಡೆಯಿಂದ ಬರುವವರ ಮುಖ ನೋಡುತ್ತಿದ್ದೆ. ಏನಾದರೂ ಆಗಿಹೋಗಿದ್ದರೆ ಮುಖದಲ್ಲೇ ಗೊತ್ತಾಗುತ್ತದಲ್ಲ. ಒಬ್ಬ ಹಾಲಿನ ಕ್ಯಾನಿನವನು ಹಾಡು ಗುನುಗುತ್ತ ಬಂದ, ಅವನನ್ನು ನಿಲ್ಲಿಸಿ ಕೈಮುಗಿಯಬೇಕು ಅನ್ನಿಸಿತು.

ಏರಿಯ ಮೇಲೆ ಆಗಲೇ ಜನ. ಹಳದಿ ಕೆಂಪು ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಏರಿಯ ನೆತ್ತಿಗೇ ಏರಿಸಿ ನಿಲ್ಲಿಸಿದ ಜನರೇಟರ್ ಗಾಡಿ. ಅದು ಗಡಗಡ ಅಲುಗುತ್ತಿದ್ದದ್ದು ನನ್ನ ಹಲ್ಲಿಗೇ ತಾಗುತ್ತಿತ್ತು. ಮೊದಲು ಕೆಳಗೆ ಓಡಿದೆ. ಜಿನುಗು ಈಗ ಜಿನುಗಾಗಿ ಉಳಿದಿರಲಿಲ್ಲ. ಹೆಬ್ಬೆರಳು ತೂರುವಂಥ ತೂತಿನಿಂದ ಚಹಾ ಬಣ್ಣದ ನೀರು ಸಣ್ಣಗೆ ಚಿಮ್ಮುತ್ತಿತ್ತು, ಬಾಯಿಯ ಸುತ್ತ ಮಣ್ಣು ಉಂಗುರ ಕಟ್ಟಿತ್ತು. ಪಾಠದ ಪುಸ್ತಕದ ಈ ಚಿತ್ರವನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಕಣ್ಣಾರೆ ಕಂಡದ್ದು ಅವತ್ತೇ. ಮೇಲಕ್ಕೆ ಓಡಲು ತಿರುಗಿದವಳು ಜಾರಿ ಬಿದ್ದು, ಕೆಸರಿನಲ್ಲಿ ಕೈಯೂರಿ ಎದ್ದೆ.

ಪೊಲೀಸರು ಪಾಸು ಕೇಳಿದರು. ಸೀರೆಯೆಲ್ಲ ಕೆಸರಾದ ಹೆಂಗಸು ವಿಜ್ಞಾನ ಸಲಹೆಗಾರ್ತಿ ಎಂದರೆ ಯಾರು ನಂಬುತ್ತಾರೆ? ಅಷ್ಟರಲ್ಲಿ ಸಹಾಯಕನೇ ನನ್ನನ್ನು ಕಂಡು, ಬನ್ನಿ ಮೇಡಂ ಬನ್ನಿ ಎಂದು ಸಂಭ್ರಮದಿಂದ ಕೈಹಿಡಿದು ವೇದಿಕೆಗೆ ಕರೆದೊಯ್ದ. ಸಾಹೇಬರು ಮೊರಕ್ಕೆ ಕೈ ಹಚ್ಚಿ ನಿಂತಿದ್ದರು. ಪಕ್ಕದಲ್ಲಿ ನನ್ನ ತಂಗಿ, ಮದುವೆಯ ರೇಷ್ಮೆ ಸೀರೆ, ಮುಖದ ತುಂಬ ನಗು. ಸುತ್ತ ಕ್ಯಾಮೆರಾ. ಅವರ ಕಿವಿಯ ಹತ್ತಿರ ಬಾಗಿ ಕೆಂಪು ನೀರು, ಒಳಗಿನ ಕೊರೆತ ಎಂದು ಶುರುಮಾಡಿದೆ. ನೀವೇ ಹೂಂ ಎಂದಿದ್ದಿರಲ್ಲ, ಈಗೇನು ಎಂದು ಅವರು ನಗುನಗುತ್ತಲೇ ಕೇಳಿದರು, ಕ್ಯಾಮೆರಾದ ಕಡೆಯಿಂದ ಮುಖ ತಿರುಗಿಸದೆ.

ಕೊರೆತ ಹೆಚ್ಚಾದ ಲಕ್ಷಣವಿದೆ, ಭಾರ ಇಳಿಸುವುದು ಲೇಸು, ಒಡೆಯುವ ಸಂಭವ ಇಲ್ಲವೆನ್ನಲಾಗದು. ನನ್ನ ಶಾಸ್ತ್ರ ನನಗೆ ಹೇಳಲು ಬಿಟ್ಟದ್ದು ಇಷ್ಟೇ. ಅಷ್ಟು ಉದ್ದದ ಮಾತಿಗೆ ಅಲ್ಲಿ ಜಾಗ ಇರಲಿಲ್ಲ. ತಂಗಿ ನನ್ನ ಕೆಸರುಗೈ ನೋಡಿ ಹುಬ್ಬು ಗಂಟಿಕ್ಕಿದಳು. ಜನರೇಟರ್ ಅಲುಗುತ್ತಿತ್ತು.

"ಸಾರ್, ಈಗ ಒಡೆಯುತ್ತೆ," ಅಂದೆ.

ನನಗೆ ಗೊತ್ತಿರದಿದ್ದದ್ದನ್ನು ಗೊತ್ತಿದ್ದವಳ ಹಾಗೆ ಹೇಳಿದೆ. ಆ ಗಳಿಗೆಯಲ್ಲಿ ಏರಿಗಿಂತ ಹೆಚ್ಚು ನನ್ನ ಬಾಯಿ ಕಂಡೇ ನನಗೆ ಭಯವಾಯಿತು. ಸಾಹೇಬರ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ನಿಂತುಹೋಯಿತು. ಅವರು ಮೊರವನ್ನು ತಂಗಿಯ ಕೈಗೆ ಕೊಟ್ಟು, ಮೈಕಿಗೆ ಬಾಯಿ ಹಚ್ಚಿ, ಊಟ ಊರಾಚೆಯ ಛತ್ರದಲ್ಲಿ ಇಟ್ಟಿದೆ, ಎಲ್ಲರೂ ನಿಧಾನವಾಗಿ ನನ್ನ ಹಿಂದೆ ಬನ್ನಿ ಎಂದರು. ಇಷ್ಟನ್ನು ಮಾತ್ರ ಮೆಚ್ಚಲೇಬೇಕು. ಓಡಿ ಎಂದಿದ್ದರೆ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನಾಯಕ ನಡೆದರೆ ನಮ್ಮ ಜನ ಯಾಕೆ ಎಂದು ಕೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಏರಿ ಖಾಲಿಯಾಯಿತು, ಕುರ್ಚಿಗಳು ಮಾತ್ರ ನೀರಿಗೆ ಮುಖ ಮಾಡಿ ಕೂತಿದ್ದವು. ತಂಗಿಯ ತೋಳು ಹಿಡಿದು ನಡೆಸಿಕೊಂಡು ಬಂದೆ. ಯಾಕಕ್ಕಾ ಇಂಗೆ ಎಳ್ಕೊಂಡೋಯ್ತಿದೀಯ ಎಂದು ಅವಳು ದಾರಿಯುದ್ದಕ್ಕೂ ಕೇಳುತ್ತಿದ್ದಳು.

ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿದರು. ತೂಬು ಪೂರ್ತಿ ಎತ್ತಿದರು, ಕೋಡಿಯ ಮಟ್ಟ ತಗ್ಗಿಸಿದರು, ತೂತಿನ ಬಾಯಿಗೆ ಮರಳು ಜಲ್ಲಿ ಸುರಿದರು. ನೀರು ಇಳಿಯಿತು. ಏರಿ ಒಡೆಯಲಿಲ್ಲ.

ಒಡೆಯಲಿಲ್ಲ ಎಂಬುದೇ ಆಮೇಲಿನ ಕಷ್ಟ. ಬಿಟ್ಟ ನೀರು ಕೆಳಗಿನ ಗದ್ದೆಗಳಿಗೆ ನುಗ್ಗಿ ನಾಟಿಯಾಗಿದ್ದ ಪೈರನ್ನೆಲ್ಲ ಮಲಗಿಸಿತ್ತು. ತಂಗಿಯ ಮನೆಯವರದೂ ಹೋಯಿತು, ಅಕ್ಕಪಕ್ಕದವರದೂ ಹೋಯಿತು. ಕೆರೆ ಕಟ್ಟೆ ಗಟ್ಟಿಯಾಗೇ ಇತ್ತು, ಓದಿದೋಳು ಹೆದರಿಸಿ ನೀರು ಚೆಲ್ಲಿಸಿದಳು ಎಂದು ಊರಿನಲ್ಲಿ ಅಂದರಂತೆ. ತಂಗಿ ನನ್ನ ಮನೆಗೆ ಬಂದಾಗ ಕಾಫಿ ಲೋಟ ಮುಟ್ಟಲಿಲ್ಲ. "ನಿಜವಾಗ್ಲೂ ಒಡೀತಿತ್ತಾ? ಹೂಂ ಅಂತಾದ್ರೂ ಅನ್ನು, ಊಹೂಂ ಅಂತಾದ್ರೂ ಅನ್ನು," ಎಂದಳು.

ಹೂಂ ಎಂದಿದ್ದರೆ ಅವಳಿಗೆ ಊರಿನಲ್ಲಿ ಹೇಳಿಕೊಳ್ಳಲು ಒಂದು ಮಾತಾಗುತ್ತಿತ್ತು. ಗೊತ್ತಿಲ್ಲ ಕಣೆ ಎಂದೆ. ಅವಳು ನನ್ನನ್ನು ನೋಡಿದ ರೀತಿ ಇನ್ನೂ ಚುಚ್ಚುತ್ತದೆ. ಆದರೆ ಲೋಟ ಮುಟ್ಟದೆ ಮುನಿಸಿಕೊಳ್ಳಲಾದರೂ ಅವಳು ನನ್ನ ಎದುರು ಬದುಕಿದ್ದಾಳೆ, ನನಗೆ ಅಷ್ಟು ಸಾಕು ಎಂದುಕೊಂಡೆ.

ಸಾಹೇಬರ ರೀತಿ ಬದಲಾಯಿತು. ಸಭೆಯಲ್ಲಿ ನನ್ನ ಕುರ್ಚಿ ಅವರ ಪಕ್ಕಕ್ಕೆ ಬಂತು. ಈಗ ಅವರು ನನ್ನನ್ನು ಒಂದೇ ಮಾತಲ್ಲಿ ಹೇಳಿ ಎನ್ನುವುದಿಲ್ಲ. ನಾನು ಹಾಳೆ ತಿರುವುವಾಗ ನನ್ನ ಮುಖ ನೋಡುತ್ತಿರುತ್ತಾರೆ, ಹುಬ್ಬು ಏರಿದರೆ ಯೋಜನೆ ನಿಲ್ಲುತ್ತದೆ, ತಲೆಯಾಡಿಸಿದರೆ ಸಹಿ ಬೀಳುತ್ತದೆ. ಒಮ್ಮೆ ಕುತ್ತಿಗೆ ಉಳುಕಿದೆಯೆಂದು ತಲೆಯಾಡಿಸಿದ್ದಕ್ಕೆ ಒಂದು ಕಡತ ಮುಂದೆ ಹೋಗಿತ್ತು, ಎದ್ದು ಓಡಿ ಹಿಡಿದು ನಿಲ್ಲಿಸಿದೆ. ಸಸ್ಯತಜ್ಞರು ನಗುತ್ತ, ಅದೃಷ್ಟವಂತರು ನೀವು, ನಮ್ಮ ಅಂಗಮಾರಿಯನ್ನು ಯಾರೂ ಇಷ್ಟು ನಂಬುವುದಿಲ್ಲ ಎಂದರು. ನನಗೆ ನಗು ಬರಲಿಲ್ಲ. ನನ್ನ ಮಾತನ್ನು ಯಾರೂ ಪ್ರಶ್ನಿಸದಿದ್ದರೆ ನನ್ನ ತಪ್ಪನ್ನು ಹಿಡಿಯುವವರು ಯಾರು?

ಮಳೆಗಾಲ ಮುಗಿಯುವ ಮೊದಲು ಅರಕಲಗೂಡು ಕಡೆಯ ಒಂದು ಕೆರೆಯಿಂದ ಕರೆ ಬಂತು. ಏರಿಯ ನೆತ್ತಿಯಲ್ಲಿ ಬಿರುಕು ಕಂಡಿದೆ ಎಂದು ಊರಿನವರೇ ಹೇಳಿದ್ದರು. ಸಾಹೇಬರು ನಾನೂ ಬರುತ್ತೇನೆ ಎಂದು ಹೊರಟರು. ಏರಿಯ ಕೆಳಗೆ ಕಾರುಗಳು ನಿಂತವು. ಊರಿನವರು, ಶಾಲೆ ಬಿಟ್ಟ ಮಕ್ಕಳು, ಹಾರ ಹಿಡಿದವರು, ಎಲ್ಲರೂ ಅಲ್ಲಿ ಸೇರಿದ್ದರು. ಬಿರುಕಿರುವ ಏರಿಗೆ ಯಾರನ್ನೂ ಬಿಡಬೇಡ, ಮೊದಲು ನಾನೊಬ್ಬಳೇ ಹೋಗಿ ನೋಡಿ ಬರುತ್ತೇನೆ ಎಂದು ಸಹಾಯಕನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಆಗಬಹುದು ಎಂಬ ಮಾತನ್ನು ನಾನು ಆ ಹೊತ್ತಿಗಾಗಲೇ ಬಿಟ್ಟಿದ್ದೆ. ಅವನು ಎರಡು ಫೋನಿನ ನಡುವೆ ತಲೆಯಾಡಿಸಿದ.

ಹತ್ತಿದೆ. ಬಿರುಕು ಏರಿಯ ಉದ್ದಕ್ಕೇ ಹೋಗಿತ್ತು, ಅಡ್ಡಕ್ಕೆ ಅಲ್ಲ. ಉದ್ದದ ಬಿರುಕು ಎಂದರೆ ಒಂದು ಮಗ್ಗುಲೇ ಕಳಚಿಕೊಳ್ಳಲು ತಯಾರಾಗುತ್ತಿರಬಹುದು, ಇಲ್ಲವೇ ಬರೀ ಬಿಸಿಲಿಗೆ ಮೇಲ್ಮಣ್ಣು ಒಣಗಿ ಸೀಳಿರಬಹುದು. ಯಾವುದು ಎಂದು ಆಳ ನೋಡಿದರೆ ತಿಳಿಯುತ್ತದೆ, ಒಣಗಿದ ಸೀಳಾದರೆ ಗೇಣು ಆಳಕ್ಕೆ ಮುಗಿಯುತ್ತದೆ. ಮಂಡಿಯೂರಿ ಕೂತು, ಕೈಯಲ್ಲಿದ್ದ ಛತ್ರಿಯ ಕೋಲನ್ನು ಸೀಳಿನೊಳಗೆ ಇಳಿಬಿಟ್ಟೆ. ತಳ ಸಿಗಲಿಲ್ಲ. ಇನ್ನೂ ತಳ್ಳಿದೆ, ಹಿಡಿಯವರೆಗೂ ಹೋಯಿತು, ತಳ ಸಿಗಲಿಲ್ಲ.

ಹೇಳಲು ತಿರುಗಿದೆ. ಹಿಂದೆ ಏರಿಯ ತುಂಬ ಜನ ನಿಂತಿದ್ದರು. ಹಾರದವರು, ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸರು, ಯೂನಿಫಾರ್ಮಿನ ಮಕ್ಕಳು ಅಂಚಿನಲ್ಲಿ ನಿಂತು ನೀರಿಗೆ ಕಲ್ಲು ಎಸೆಯುತ್ತಿದ್ದರು. ಇನ್ನೂ ಕೆಲವರು ಕೆಳಗಿನಿಂದ ಹತ್ತುತ್ತಲೇ ಇದ್ದರು. ಎಲ್ಲರ ಮುಂದೆ ಸಾಹೇಬರು, ಬಿರುಕಿನ ಆಚೆ ಒಂದು ಕಾಲು, ಈಚೆ ಒಂದು ಕಾಲು.

"ಮೇಡಮ್ಮೋರೇ ಹತ್ತಿದ ಮ್ಯಾಲೆ ನಮಗೇನು ಭಯ," ಎಂದು ಅವರು ನನಗೆ ಕೈಮುಗಿದರು.

ನಾನು ಬಾಯಿ ತೆರೆದೆ. ಎದ್ದು ನಿಂತರೆ, ಭಯವಿಲ್ಲವೆಂದುಕೊಂಡು ಎಲ್ಲರೂ ನನ್ನ ಕಡೆಗೆ ಇನ್ನೂ ಒಂದು ಹೆಜ್ಜೆ ಬರುತ್ತಾರೆ ಎಂದು ಗೊತ್ತಿತ್ತು. ಎದ್ದು ನಿಲ್ಲಲು ಧೈರ್ಯವಾಗದೆ, ಮಂಡಿಯೂರಿದ್ದ ಹಾಗೇ, ಮಕ್ಕಳನ್ನು ಮೊದಲು ಇಳಿಸಿ ಎಂದು ಸಾಹೇಬರನ್ನು ಬೇಡಿಕೊಂಡೆ.